ಮೊದಲು ಕೇಳುವ ಕಿವಿ, ಆಮೇಲೆ ಬರೆಯುವ ಕೈ

(ಸಂಗೀತಾಸಕ್ತರ ಬಳಗವೊಂದರ ಭಾನುವಾರದ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ನಿಮ್ಮ ಬಳಗದಲ್ಲಿ ರಾಗದ ಬಗ್ಗೆ, ಗಾಯಕರ ಬಗ್ಗೆ, ಹೆಚ್ಚೆಂದರೆ ವಾದ್ಯ ತಯಾರಿಸುವವರ ಬಗ್ಗೆ ಮಾತು ನಡೆಯುವುದು ವಾಡಿಕೆ. ನಾನು ಮಾತಾಡಲು ಬಂದಿರುವುದು ಒಂದು ಯಂತ್ರದ ಬಗ್ಗೆ. ಅದರಲ್ಲೂ ಆ ಯಂತ್ರದ ಹೊಟ್ಟೆಯೊಳಗಿನ ತಿರುಪುಗಳ ಬಗ್ಗೆ. ಸ್ಪೂಲ್ ಟೇಪ್ ರೆಕಾರ್ಡರ್ ಎಂದರೆ ಇಲ್ಲಿರುವ ಹಿರಿಯರಿಗೆ ಗೊತ್ತು. ಎರಡು ದೊಡ್ಡ ಚಕ್ರಗಳು, ನಡುವೆ ಓಡುವ ಕಂದು ಬಣ್ಣದ ಟೇಪು. ನನ್ನ ವಯಸ್ಸಿನವರಿಗೆ ಅದು ಸಿನಿಮಾದ ಪತ್ತೇದಾರಿ ದೃಶ್ಯದಲ್ಲಿ ಕಂಡ ವಸ್ತು. ಪತ್ರಿಕೆಗಾಗಿ ಹಳೆಯ ಧ್ವನಿಮುದ್ರಣಗಳ ಕುರಿತು ವರದಿ ಮಾಡಲು ಹೊರಟಾಗ ಈ ಯಂತ್ರ ನನ್ನ ಗಂಟುಬಿತ್ತು. ಅಂದಿನಿಂದ ಬಿಟ್ಟಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿರುವ ನಿವೃತ್ತ ಸ್ಟುಡಿಯೋ ಎಂಜಿನಿಯರರೊಬ್ಬರು ಇದರ ವಿದ್ಯೆಯನ್ನು ನನಗೆ ತಾಳ್ಮೆಯಿಂದ ತೋರಿಸಿಕೊಟ್ಟರು. ಹೆಸರು ಹೇಳಬಾರದೆಂದು ಅವರ ಅಪ್ಪಣೆ. ಹಾಗಾಗಿ 'ಹಿರಿಯರು' ಎಂದಷ್ಟೇ ಕರೆಯುತ್ತೇನೆ.

ಈ ವಿಷಯ ಈಗೇಕೆ ಎಂಬ ಪ್ರಶ್ನೆ ಸಹಜ. ಕಾರಣ ಇಷ್ಟೆ: ಸುಮಾರು 1950ರಿಂದ 1990ರವರೆಗೆ ಜಗತ್ತು ಹಾಡಿದ್ದು, ಮಾತಾಡಿದ್ದು, ಅತ್ತದ್ದು, ನಕ್ಕದ್ದು ಬಹುಪಾಲು ಉಳಿದಿರುವುದು ಇಂಥ ಟೇಪುಗಳ ಮೇಲೆ. ಟೇಪು ಹಾಳಾಗುತ್ತಿದೆ. ಅದನ್ನು ಓದುವ ಯಂತ್ರಗಳು ಮೂಲೆ ಸೇರುತ್ತಿವೆ. ಯಂತ್ರವನ್ನು ಹದದಲ್ಲಿ ಇಡಬಲ್ಲವರ ಸಂಖ್ಯೆ ಅದಕ್ಕಿಂತ ವೇಗವಾಗಿ ಕಡಿಮೆಯಾಗುತ್ತಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. 2025ರೊಳಗೆ ಡಿಜಿಟಲ್ ರೂಪಕ್ಕೆ ಬಾರದ ಟೇಪುಗಳಲ್ಲಿ ಹೆಚ್ಚಿನವು ಕೈಬಿಟ್ಟಂತೆಯೇ ಎಂಬುದು ಅದರ ಸಾರ. ಆ ಗಡುವು ಬಂದೇ ಬಿಟ್ಟಿತು. ಅಂದ ಮೇಲೆ ತಿರುಪುಗಳ ಬಗ್ಗೆ ಒಂದು ತಾಸು ಮಾತಾಡಬಹುದು, ಅಲ್ಲವೆ?

ಮೊದಲು ಸ್ವಲ್ಪ ಚರಿತ್ರೆ. 1928ರಲ್ಲಿ ಜರ್ಮನಿಯ ಫ್ರಿಟ್ಜ್ ಫ್ಲಾಯ್ಮರ್ ಎಂಬಾತ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಅಂಟಿಸಿ ಅದರ ಮೇಲೆ ಧ್ವನಿ ಹಿಡಿಯುವ ಉಪಾಯ ಕಂಡುಹಿಡಿದ. ಎಇಜಿ ಕಂಪನಿ ಯಂತ್ರ ಮಾಡಿತು, ಬಿಎಎಸ್ಎಫ್ ಕಂಪನಿ ಟೇಪು ಮಾಡಿತು. 1935ರ ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ 'ಮ್ಯಾಗ್ನೆಟೊಫೋನ್' ಹೆಸರಿನಲ್ಲಿ ಅದು ಜನರೆದುರು ಬಂತು. ಮರುವರ್ಷ ಥಾಮಸ್ ಬೀಚಮ್ ನಡೆಸಿದ ವಾದ್ಯಗೋಷ್ಠಿಯೊಂದನ್ನು ಅದರಲ್ಲಿ ಮುದ್ರಿಸಿದರು. ಆದರೆ ಧ್ವನಿಯ ಹಿಂದೆ ಮಳೆ ಸುರಿದಂತೆ ಗದ್ದಲ. 1940ರಲ್ಲಿ ಬರ್ಲಿನ್ ರೇಡಿಯೊದ ವಾಲ್ಟರ್ ವೆಬರ್ ಮತ್ತು ಫಾನ್ ಬ್ರೌನ್‌ಮ್ಯೂಲ್ ಅದಕ್ಕೊಂದು ಪರಿಹಾರ ಕಂಡುಕೊಂಡರು. ಅದರ ಹೆಸರು ಬಯಾಸ್. ಅದಕ್ಕೆ ಆಮೇಲೆ ಬರುತ್ತೇನೆ, ಇಂದಿನ ಮಾತಿನ ಅರ್ಧ ಅದೇ ಆಗಿದೆ.

ಯುದ್ಧ ಮುಗಿದಾಗ ಜಾಕ್ ಮುಲಿನ್ ಎಂಬ ಅಮೆರಿಕನ್ ಸೈನ್ಯದ ಎಂಜಿನಿಯರು ಇಂಥ ಎರಡು ಯಂತ್ರಗಳನ್ನೂ ಐವತ್ತು ಸುರುಳಿಗಳನ್ನೂ ಬಿಚ್ಚಿ ಊರಿಗೆ ಸಾಗಿಸಿದ. 1946ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅವನ್ನು ಬಾಜಿಸಿ ತೋರಿಸಿದಾಗ, ಪರದೆಯ ಹಿಂದೆ ನಿಜವಾದ ವಾದ್ಯಗಾರರಿದ್ದಾರೋ ಟೇಪಿದೆಯೋ ಎಂದು ಕೇಳಿದವರಿಗೆ ಗುರುತು ಹತ್ತಲಿಲ್ಲವಂತೆ. ಗಾಯಕ ಬಿಂಗ್ ಕ್ರಾಸ್ಬಿಗೆ ರೇಡಿಯೊದಲ್ಲಿ ಪ್ರತಿ ವಾರ ನೇರಪ್ರಸಾರದಲ್ಲಿ ಹಾಡುವುದು ಬೇಸರವಾಗಿತ್ತು. ಆತ ಆಂಪೆಕ್ಸ್ ಎಂಬ ಪುಟ್ಟ ಕಂಪನಿಗೆ 50,000 ಡಾಲರ್ ಕೊಟ್ಟು ಯಂತ್ರ ಮಾಡಿಸಿದ. 1948ರಲ್ಲಿ ಆಂಪೆಕ್ಸ್ 200 ಮಾರುಕಟ್ಟೆಗೆ ಬಂತು. ಒಬ್ಬ ಹಾಡುಗಾರನ ಸೋಮಾರಿತನದಿಂದ ಒಂದು ಉದ್ಯಮ ಹುಟ್ಟಿತು ಎಂದರೆ ತಪ್ಪಾಗಲಾರದು.

ಇನ್ನು 'ಮಲ್ಟಿಟ್ರ್ಯಾಕ್'. ಒಂದೇ ಟೇಪಿನ ಮೇಲೆ ಹೊಲದ ಸಾಲುಗಳಂತೆ ಪಕ್ಕಪಕ್ಕದಲ್ಲಿ ಹಲವು ಧ್ವನಿಗಳು. ಒಂದು ಸಾಲಿನಲ್ಲಿ ಗಾಯಕ, ಇನ್ನೊಂದರಲ್ಲಿ ತಬಲಾ, ಮತ್ತೊಂದರಲ್ಲಿ ಪಿಟೀಲು. ಬೇಕಾದಾಗ ಒಂದನ್ನೇ ಅಳಿಸಿ ಮತ್ತೆ ಮುದ್ರಿಸಬಹುದು. ಇದರ ಹಿಂದಿನ ಹಟಮಾರಿ ಗಿಟಾರ್ ವಾದಕ ಲೆಸ್ ಪಾಲ್. ಆತ ಮೊದಲು ಒಂದೇ ಸಾಲಿನ ಯಂತ್ರದಲ್ಲಿ ಹಳೆಯದರ ಮೇಲೆ ಹೊಸದನ್ನು ಸೇರಿಸುತ್ತ ಹೋಗುತ್ತಿದ್ದ. ಹತ್ತನೇ ಪದರದಲ್ಲಿ ಒಂದು ಸ್ವರ ತಪ್ಪಿದರೆ ಹಿಂದಿನ ಒಂಬತ್ತೂ ಹೋದಂತೆ. 1957ರಲ್ಲಿ ಆಂಪೆಕ್ಸ್ ಆತನಿಗಾಗಿ ಒಂದಿಂಚು ಅಗಲದ ಟೇಪಿನ ಮೇಲೆ ಎಂಟು ಸಾಲು ಬರೆಯುವ ಯಂತ್ರ ಮಾಡಿಕೊಟ್ಟಿತು. ಬೆಲೆ 10,000 ಡಾಲರ್. ಅಡ್ಡಹೆಸರು 'ಆಕ್ಟೊಪಸ್'.

ಇಲ್ಲೊಂದು ಸ್ವಾರಸ್ಯದ ತೊಡಕಿದೆ. ಸ್ಪೂಲ್ ಯಂತ್ರದಲ್ಲಿ ಟೇಪು ಮೂರು ಹೆಡ್‌ಗಳನ್ನು ದಾಟಿ ಹೋಗುತ್ತದೆ: ಮೊದಲು ಅಳಿಸುವ ಹೆಡ್, ಆಮೇಲೆ ಬರೆಯುವ ಹೆಡ್, ಕೊನೆಗೆ ಓದುವ ಹೆಡ್. ಬರೆಯುವುದಕ್ಕೂ ಓದುವುದಕ್ಕೂ ನಡುವೆ ನಾಲ್ಕು ಸೆಂಟಿಮೀಟರ್ ಅಂತರವಿದೆ ಎನ್ನಿ. ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿದ್ದರೆ, ಓದುವ ಹೆಡ್‌ನಿಂದ ಹಳೆಯ ತಬಲಾ ಕೇಳುತ್ತ ಹೊಸದಾಗಿ ಹಾಡಿದವರ ಧ್ವನಿ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಬೀಳುತ್ತದೆ. ತಾಳ ತಪ್ಪಲು ಅಷ್ಟು ಸಾಕು. ಆಂಪೆಕ್ಸ್‌ನ ರಾಸ್ ಸ್ನೈಡರ್ ಇದಕ್ಕೆ ಸುಲಭದ ಉತ್ತರ ಕೊಟ್ಟರು: ಹಳೆಯ ಸಾಲನ್ನು ಬರೆಯುವ ಹೆಡ್‌ನಿಂದಲೇ ಓದಿಸಿ. ಹೆಸರು 'ಸೆಲ್ ಸಿಂಕ್'. ಬರೆಯಲೆಂದು ಮಾಡಿದ ಹೆಡ್ ಓದುವುದರಲ್ಲಿ ಅಷ್ಟು ಚೂಟಿಯಲ್ಲ, ಮೇಲಿನ ಸ್ವರಗಳು ಮಂಕಾಗುತ್ತವೆ. ಆದರೂ ತಾಳ ಕೂಡುತ್ತದೆ.

ಲಂಡನ್ನಿನ ಅಬೆ ರೋಡ್ ಸ್ಟುಡಿಯೋದ ಉದಾಹರಣೆ ಹೇಳದೆ ಮುಂದೆ ಹೋಗಲಾಗದು. ಬೀಟಲ್ಸ್ ತಂಡ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮ್ಮನ್ನು 1967ರಲ್ಲಿ ಹೊರತಂದಾಗ ಅವರ ಕೈಯಲ್ಲಿದ್ದದ್ದು ಸ್ಟೂಡರ್ ಜೆ-37 ಎಂಬ ಸ್ವಿಸ್ ಯಂತ್ರ. ಅದರಲ್ಲಿ ನಾಲ್ಕೇ ಸಾಲು. ನಾಲ್ಕೂ ತುಂಬಿದಾಗ ಅವನ್ನು ಕಲಸಿ ಇನ್ನೊಂದು ಯಂತ್ರದ ಒಂದೋ ಎರಡೋ ಸಾಲಿಗೆ ಇಳಿಸುವುದು, ಉಳಿದ ಸಾಲುಗಳಲ್ಲಿ ಮತ್ತೆ ತುಂಬುವುದು. 'ಎ ಡೇ ಇನ್ ದ ಲೈಫ್' ಹಾಡಿನ ವಾದ್ಯವೃಂದಕ್ಕೆ ಜಾಗ ಸಾಲದಾದಾಗ ಕೆನ್ ಟೌನ್‌ಸೆಂಡ್ ಎಂಬ ಎಂಜಿನಿಯರು ಒಂದು ಟೇಪಿನ ಸಾಲಿನಲ್ಲಿ 50 ಹರ್ಟ್ಸ್‌ನ ಗುಂಯ್‌ಗುಡುವ ಸ್ವರ ಬರೆದು, ಅದರಿಂದ ಇನ್ನೊಂದು ಯಂತ್ರದ ಮೋಟಾರನ್ನು ಓಡಿಸಿ ಎರಡನ್ನೂ ಜೋಡಿಸಿದರು.

ಎಲ್ಲರೂ ಈ ಜಾಣ್ಮೆಯನ್ನು ಕೊಂಡಾಡುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದರ ಹಿಂದಿನ ಲೆಕ್ಕ. ಟೇಪಿನಿಂದ ಟೇಪಿಗೆ ಇಳಿಸುವಾಗ ಯಂತ್ರ ಮೇಲಿನ ಸ್ವರಗಳನ್ನು ಒಂದು ಡೆಸಿಬೆಲ್ ಕಡಿಮೆ ಓದುತ್ತಿದ್ದರೆ ಮೊದಲ ಸಲ ಯಾರಿಗೂ ತಿಳಿಯುವುದಿಲ್ಲ. ಮೂರನೇ ಇಳಿಕೆಗೆ ಅದು ಮೂರು ಡೆಸಿಬೆಲ್. ತಾಳಗಳ ಹೊಳಪು ಹೋಗಿ ಕಂಬಳಿ ಹೊದಿಸಿದಂತಾಗುತ್ತದೆ. ಬಿಳಿ ಕೋಟು ಹಾಕಿಕೊಂಡು ತಿರುಪುಳಿ ಹಿಡಿದ ಅಲ್ಲಿನ ತಾಂತ್ರಿಕ ಸಿಬ್ಬಂದಿ ಯಂತ್ರಗಳನ್ನು ಹದದಲ್ಲಿ ಇಡದಿದ್ದರೆ ಆ ಆಲ್ಬಮ್ ಹಾಗೆ ಕೇಳುತ್ತಿರಲಿಲ್ಲ. ಅವರಲ್ಲಿ ಹೆಚ್ಚಿನವರ ಹೆಸರು ಆಲ್ಬಮ್ಮಿನ ರಟ್ಟಿನ ಮೇಲೆ ಇಲ್ಲ.

1970ರ ದಶಕಕ್ಕೆ ಎರಡಿಂಚು ಅಗಲದ ಟೇಪಿನಲ್ಲಿ 24 ಸಾಲುಗಳು ಬಂದವು. ಒಂದೊಂದು ಸಾಲಿನ ಅಗಲ ಸುಮಾರು ಒಂದು ಮಿಲಿಮೀಟರ್. 2500 ಅಡಿಯ ಒಂದು ದೊಡ್ಡ ಸುರುಳಿ ಸೆಕೆಂಡಿಗೆ 76 ಸೆಂಟಿಮೀಟರ್ ವೇಗದಲ್ಲಿ ಹದಿನಾರೂವರೆ ನಿಮಿಷಕ್ಕೆ ಮುಗಿದುಹೋಗುತ್ತದೆ. ಸ್ಟೂಡರ್, ಆಂಪೆಕ್ಸ್, ಎಂಸಿಐ, ಜಪಾನಿನ ಒಟಾರಿ, ಇವು ಆ ಕಾಲದ ದೊಡ್ಡ ಹೆಸರುಗಳು.

ಸರಿ, ಈಗ ಯಂತ್ರದ ಮುಂದೆ ನಿಲ್ಲೋಣ. ಹಿರಿಯರು ನನಗೆ ಮೊದಲು ಕೊಟ್ಟದ್ದು ತಿರುಪುಳಿಯನ್ನಲ್ಲ, ಹತ್ತಿ ಸುತ್ತಿದ ಕಡ್ಡಿಯನ್ನು. ಟೇಪು ಮುಟ್ಟುವ ಲೋಹದ ಭಾಗಗಳನ್ನೆಲ್ಲ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು ದಿನದ ಮೊದಲ ಕೆಲಸ. ಹತ್ತಿ ಕಂದಾಗಿ ಬರುತ್ತದೆ. ಅದು ಟೇಪಿನಿಂದ ಉದುರಿದ ಕಬ್ಬಿಣದ ಆಕ್ಸೈಡು. ಹತ್ತಿ ಬೆಳ್ಳಗೆ ಬರುವತನಕ ಒರೆಸಬೇಕು. ಟೇಪನ್ನು ಒತ್ತಿ ಹಿಡಿದು ಓಡಿಸುವ ರಬ್ಬರಿನ ಪಿಂಚ್ ರೋಲರಿಗೆ ಮಾತ್ರ ಆಲ್ಕೊಹಾಲು ಸೋಕಿಸಬೇಡ ಎಂಬುದು ಅವರ ಮಾತು. ರಬ್ಬರು ಒಣಗಿ ಬಿರುಕು ಬಿಡುತ್ತದೆ, ಅದಕ್ಕೆ ಸೌಮ್ಯ ಸೋಪಿನ ನೀರೇ ಸಾಕು. ಈ ವಿಷಯದಲ್ಲಿ ತಂತ್ರಜ್ಞರೊಳಗೆ ಭಿನ್ನಾಭಿಪ್ರಾಯ ಉಂಟು, ನಾನು ನನ್ನ ಗುರುಗಳ ಪಕ್ಷ.

ಧೂಳಿನ ಮೇಲೆ ಇಷ್ಟು ಸಿಟ್ಟೇಕೆ? ಲೆಕ್ಕ ನೋಡಿ. ಸೆಕೆಂಡಿಗೆ 38 ಸೆಂಟಿಮೀಟರ್ ವೇಗದಲ್ಲಿ 10,000 ಹರ್ಟ್ಸ್‌ನ ಒಂದು ತರಂಗ ಟೇಪಿನ ಮೇಲೆ ಹಿಡಿಯುವ ಜಾಗ 38 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ 38 ಭಾಗ. ಹೆಡ್‌ಗೂ ಟೇಪಿಗೂ ನಡುವೆ ಐದೇ ಮೈಕ್ರಾನ್ ಕೊಳೆ ಸೇರಿದರೆ ಆ ಸ್ವರ ಏಳು ಡೆಸಿಬೆಲ್ ಕುಸಿಯುತ್ತದೆ. ತಲೆಗೂದಲು ಇದರ ಹತ್ತು ಪಟ್ಟಿಗೂ ದಪ್ಪ! ಅದೇ ಕೊಳೆ ಆಳದ ಸ್ವರಗಳಿಗೆ ಏನೂ ಮಾಡುವುದಿಲ್ಲ. ಆದ್ದರಿಂದ ಕೊಳಕು ಯಂತ್ರದಲ್ಲಿ ಧ್ವನಿ ನಿಲ್ಲುವುದಿಲ್ಲ, ಮಂಕಾಗುತ್ತದೆ. ಮಂಕಾದದ್ದನ್ನು ಜನ 'ಹಳೇ ಟೇಪು, ಹಾಗೇ ಇರುತ್ತದೆ' ಎಂದು ಒಪ್ಪಿಕೊಂಡುಬಿಡುತ್ತಾರೆ. ಟೇಪಿನ ಮೇಲೆ ಹಾಕುವ ಆರೋಪಗಳಲ್ಲಿ ಎಷ್ಟೋ ಯಂತ್ರದವು.

ಎರಡನೆಯದು, ಕಾಂತತ್ವ ಕಳೆಯುವುದು. ದಿನಗಟ್ಟಲೆ ಕಾಂತೀಯ ಟೇಪು ಉಜ್ಜಿ ಉಜ್ಜಿ ಹೆಡ್‌ಗಳೂ ಉಕ್ಕಿನ ಮಾರ್ಗದರ್ಶಿಗಳೂ ತಾವೇ ಪುಟ್ಟ ಅಯಸ್ಕಾಂತಗಳಾಗುತ್ತವೆ. ಅವುಗಳನ್ನು ದಾಟುವ ಟೇಪಿನಿಂದ ಮೇಲಿನ ಸ್ವರಗಳು ಚೂರುಚೂರೇ ಅಳಿಸುತ್ತವೆ. ಇದಕ್ಕೆ ಡಿಮ್ಯಾಗ್ನೆಟೈಸರ್ ಎಂಬ ದಂಡವಿದೆ. ಯಂತ್ರ ಆರಿಸಿ, ಟೇಪುಗಳನ್ನು ದೂರ ಇಟ್ಟು, ದಂಡವನ್ನು ಹೆಡ್‌ನ ಹತ್ತಿರ ತಂದು, ನಿಧಾನವಾಗಿ, ಆರತಿ ತಟ್ಟೆ ಹಿಂದಕ್ಕೆ ಒಯ್ಯುವಷ್ಟು ನಿಧಾನವಾಗಿ, ಒಂದು ಮೀಟರಿನಷ್ಟು ದೂರ ಸರಿಸಿದ ಮೇಲೇ ಅದರ ಸ್ವಿಚ್ಚು ಆರಿಸಬೇಕು. ಹತ್ತಿರ ಇರುವಾಗಲೇ ಕರೆಂಟು ಹೋಯಿತೋ, ಮೊದಲಿಗಿಂತ ಹೆಚ್ಚು ಕಾಂತತ್ವ ಅಲ್ಲಿ ಉಳಿದುಬಿಡುತ್ತದೆ. ಲೋಡ್‌ಶೆಡ್ಡಿಂಗಿನ ದಿನಗಳಲ್ಲಿ ತಾವು ಈ ಕೆಲಸಕ್ಕೆ ಗಳಿಗೆ ನೋಡುತ್ತಿದ್ದೆವು ಎಂದು ಹಿರಿಯರು ನಗುತ್ತಾರೆ.

ಇಷ್ಟಾದ ಮೇಲೆ ತಿರುಪುಳಿ. ಇಲ್ಲೊಂದು ಕ್ರಮವಿದೆ, ಅದನ್ನು ತಪ್ಪಿಸುವಂತಿಲ್ಲ. ಮೊದಲು ಕೇಳುವ ಕಿವಿ ಸರಿಮಾಡಿಕೊಳ್ಳಬೇಕು, ಆಮೇಲೆ ಬರೆಯುವ ಕೈ. ಏಕೆಂದರೆ ಬರೆದದ್ದು ಸರಿಯಾಗಿದೆಯೇ ಎಂದು ನೋಡುವುದು ಓದುವ ಹೆಡ್‌ನಿಂದಲೇ. ಓದುವುದೇ ಸೊಟ್ಟವಾಗಿದ್ದರೆ ಬರೆಯುವುದನ್ನು ಅದಕ್ಕೆ ತಕ್ಕಂತೆ ಸೊಟ್ಟ ಮಾಡಿ ನೇರವಾಯಿತೆಂದು ಸಂತೋಷಪಡುತ್ತೇವೆ. ಆ ಸ್ಟುಡಿಯೋದೊಳಗೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಟೇಪು ಬೇರೆ ಊರಿಗೆ ಹೋದಾಗ ಗುಟ್ಟು ಬಯಲು.

ಹಾಗಾದರೆ ಕಿವಿಗೆ ಆಧಾರ ಯಾವುದು? ಪ್ರಮಾಣ ಟೇಪು. ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆಯ ತೂಕದ ಕಲ್ಲು ಇರುವಂತೆ ಇದು. ಅಮೆರಿಕದ ಮ್ಯಾಗ್ನೆಟಿಕ್ ರೆಫರೆನ್ಸ್ ಲ್ಯಾಬೊರೇಟರಿ ದಶಕಗಳ ಕಾಲ ಇಂಥ ಟೇಪುಗಳನ್ನು ಮಾಡಿಕೊಟ್ಟಿತು. ಅದರಲ್ಲಿ ಹಾಡಿಲ್ಲ. 1000 ಹರ್ಟ್ಸ್, 10,000 ಹರ್ಟ್ಸ್, 100 ಹರ್ಟ್ಸ್ ಹೀಗೆ ಬರಿಯ ಸ್ವರಗಳು. ಅವುಗಳ ಕಾಂತಬಲ ಇಷ್ಟೇ ಎಂದು ಅಳೆದು ಬರೆದಿರುತ್ತಾರೆ. ಅದರ ಮಾನ ಮೀಟರಿಗೆ ಇಷ್ಟು ನ್ಯಾನೊವೆಬರ್. ಹಳೆಯ ಅಮೆರಿಕನ್ ವಾಡಿಕೆ 185. ಟೇಪುಗಳು ಸುಧಾರಿಸಿದಂತೆ ಅದು 250ಕ್ಕೆ, 355ಕ್ಕೆ ಏರಿತು. ಜರ್ಮನ್ ವಾಡಿಕೆ 320. 185ಕ್ಕೂ 355ಕ್ಕೂ ವ್ಯತ್ಯಾಸ ಆರು ಡೆಸಿಬೆಲ್ ಹತ್ತಿರ. ಯಾವುದನ್ನು ಹಿಡಿದೆವೆಂದು ಡಬ್ಬಿಯ ಮೇಲೆ ಬರೆಯದಿದ್ದರೆ ಮುಂದಿನವರು ಕತ್ತಲಲ್ಲಿ ತಡಕಬೇಕು.

ಪ್ರಮಾಣ ಟೇಪನ್ನು ಯಂತ್ರಕ್ಕೆ ಹಾಕುವ ಮೊದಲೇ ಕಾಂತತ್ವ ಕಳೆದಿರಬೇಕು ಎಂಬುದು ಈಗ ನಿಮಗೆ ಅರ್ಥವಾಗುತ್ತದೆ. ಇಲ್ಲದಿದ್ದರೆ ತೂಕದ ಕಲ್ಲೇ ಸವೆಯುತ್ತದೆ. ಇಪ್ಪತ್ತನಾಲ್ಕೂ ಸಾಲುಗಳ ಮುದ್ರಣದ ಗುಂಡಿಯನ್ನು 'ಸೇಫ್'ಗೆ ಇಟ್ಟಿದ್ದೇವೆಂದು ಎರಡು ಸಲ ನೋಡಬೇಕು. ಬೆರಳು ಜಾರಿದರೆ ಪ್ರಮಾಣ ಟೇಪು ಖಾಲಿ ಟೇಪಾಗುತ್ತದೆ.

ಮೊದಲ ಹೊಂದಿಕೆ ಅಜಿಮತ್. ಹೆಡ್‌ನ ಮುಖದಲ್ಲಿ ಕಣ್ಣಿಗೆ ಕಾಣದ ಒಂದು ಸೀಳು ಇದೆ. ಅದರ ಅಗಲ ಕೆಲವೇ ಮೈಕ್ರಾನ್. ಆ ಸೀಳು ಟೇಪಿನ ಓಟಕ್ಕೆ ಕರಾರುವಾಕ್ಕಾಗಿ ಅಡ್ಡಡ್ಡ ನಿಲ್ಲಬೇಕು. ಸಣ್ಣ ಪಟ್ಟೆಯ ಬಟ್ಟೆಯ ಮೇಲೆ ಅಳತೆಪಟ್ಟಿ ಇಟ್ಟಂತೆ ಊಹಿಸಿ. ಪಟ್ಟಿ ನೇರವಿದ್ದರೆ ಪೂರ್ತಿ ಒಂದು ಕಪ್ಪು ಪಟ್ಟೆಯ ಮೇಲೆ ಕೂರುತ್ತದೆ. ಓರೆಯಾದರೆ ಅರ್ಧ ಕಪ್ಪು, ಅರ್ಧ ಬಿಳಿ, ಒಟ್ಟಿಗೆ ಬೂದು. ಟೇಪಿನಲ್ಲೂ ಹಾಗೆಯೇ. ಒಂದು ಮಿಲಿಮೀಟರ್ ಸಾಲಿನ ಒಂದು ಅಂಚಿನಿಂದ ಇನ್ನೊಂದಕ್ಕೆ 38 ಮೈಕ್ರಾನ್ ಓರೆಯಾದರೆ 10,000 ಹರ್ಟ್ಸ್ ಪೂರ್ತಿ ಮಾಯ. ಅಷ್ಟು ದೊಡ್ಡ ಓರೆ ಅಪರೂಪ. ಆದರೆ 24 ಸಾಲಿನ ಹೆಡ್‌ನಲ್ಲಿ ಮೊದಲ ಸಾಲಿಗೂ ಕೊನೆಯ ಸಾಲಿಗೂ ಐದು ಸೆಂಟಿಮೀಟರ್‌ನಷ್ಟು ದೂರ. ಕೂದಲೆಳೆಯಷ್ಟು ಓರೆಯೂ ಅಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಒಂದನೇ ಮತ್ತು 24ನೇ ಸಾಲುಗಳನ್ನು ಆಸಿಲೋಸ್ಕೋಪಿನ ತೆರೆಯ ಮೇಲೆ ಎದುರು ಬದುರು ನಿಲ್ಲಿಸಿ ತಿರುಪು ತಿರುಗಿಸುತ್ತಾರೆ. ಮೊದಲು ಕೆಳಗಿನ ಸ್ವರದಲ್ಲಿ ಕೂಡಿಸಿ, ಆಮೇಲೆ ಮೇಲಿನ ಸ್ವರಕ್ಕೆ ಹೋಗಬೇಕು. ನೇರವಾಗಿ 10,000ಕ್ಕೆ ಹೋದರೆ ಒಂದು ಪೂರ್ಣ ತರಂಗ ಆಚೆ ಕುಳಿತಿದ್ದರೂ ತೆರೆ 'ಸರಿ' ಎನ್ನುತ್ತದೆ.

ಅನಂತರ ಪ್ರತಿ ಸಾಲಿನ ಮಟ್ಟ: 1000 ಹರ್ಟ್ಸ್‌ನಲ್ಲಿ ಮೀಟರಿನ ಮುಳ್ಳು ಸೊನ್ನೆಗೆ. ಆಮೇಲೆ 10,000 ಹರ್ಟ್ಸ್‌ನಲ್ಲಿ ಮೇಲಿನ ಸ್ವರದ ತಿರುಪು. ಆಳದ ಸ್ವರವನ್ನು ಮಾತ್ರ ಪ್ರಮಾಣ ಟೇಪಿನಿಂದ ಹೊಂದಿಸುವಂತಿಲ್ಲ. ಆ ಟೇಪಿನ ಸ್ವರ ಟೇಪಿನ ಇಡೀ ಅಗಲಕ್ಕೆ ಬರೆದದ್ದು. ನಮ್ಮ ಹೆಡ್ ತನ್ನ ಒಂದು ಮಿಲಿಮೀಟರಿನ ಜೊತೆಗೆ ಅಕ್ಕಪಕ್ಕದ ಜಮೀನಿನ ಆಳದ ಸ್ವರವನ್ನೂ ಸ್ವಲ್ಪ ಕದ್ದು ತರುತ್ತದೆ. ಮೀಟರು ಹೆಚ್ಚು ತೋರಿಸುತ್ತದೆ. ತಿಳಿಯದವರು ಅದನ್ನು ಇಳಿಸಿ, ಹಾಡಿನ ಆಳವನ್ನೇ ಕಡಿಮೆ ಮಾಡಿಬಿಡುತ್ತಾರೆ. ಅದನ್ನು ಕೊನೆಯಲ್ಲಿ, ನಾವೇ ಬರೆದ ಸ್ವರವನ್ನು ಓದಿಸುತ್ತ ಹೊಂದಿಸಬೇಕು. ಈ ಒಂದು ವಿವರ ನನಗೆ ಬಹಳ ಹಿಡಿಸಿತು. ಪ್ರಮಾಣವನ್ನೂ ಎಲ್ಲಿಯವರೆಗೆ ನಂಬಬೇಕೆಂದು ತಿಳಿದಿರಬೇಕಲ್ಲ!

ಕಿವಿ ಮುಗಿಯಿತು, ಇನ್ನು ಕೈ. ಪ್ರಮಾಣ ಟೇಪನ್ನು ತೆಗೆದು ಡಬ್ಬಿಗೆ ಸೇರಿಸಿ, ಮುದ್ರಣಕ್ಕೆ ಬಳಸುವ ಹೊಸ ಟೇಪು ಹಾಕುತ್ತಾರೆ. ಆಗ ಬಯಾಸ್ ಬರುತ್ತದೆ. ಟೇಪಿನ ಮೇಲಿನ ಕಬ್ಬಿಣದ ಕಣಗಳು ಜಡ ಸ್ವಭಾವದವು. ಸಣ್ಣ ಧ್ವನಿಗೆ ಅಲುಗುವುದೇ ಇಲ್ಲ, ದೊಡ್ಡದಕ್ಕೆ ಒಮ್ಮೆಲೇ ಮಗುಚುತ್ತವೆ. ಹಾಗಾಗಿ ಧ್ವನಿಯ ಜೊತೆಗೆ ನಮಗೆ ಕೇಳಿಸದಷ್ಟು ಎತ್ತರದ, ಸುಮಾರು ಒಂದು ಲಕ್ಷ ಹರ್ಟ್ಸ್ ಅಥವಾ ಅದಕ್ಕೂ ಮೇಲಿನ ಕಂಪನವೊಂದನ್ನು ಸೇರಿಸಿ ಕಣಗಳನ್ನು ಕುಲುಕುತ್ತಾರೆ. ಸೇರಿನಲ್ಲಿ ಅಕ್ಕಿ ಅಳೆಯುವಾಗ ಪಕ್ಕಕ್ಕೆ ತಟ್ಟಿದರೆ ಕಾಳು ಒಪ್ಪವಾಗಿ ಕೂರುತ್ತದಲ್ಲ, ಅದೇ ಉಪಾಯ. ಜರ್ಮನರು 1940ರಲ್ಲಿ ಕಂಡುಕೊಂಡದ್ದು ಈ ತಟ್ಟುವಿಕೆಯನ್ನೇ.

ಎಷ್ಟು ತಟ್ಟಬೇಕು? ಕಡಿಮೆಯಾದರೆ ಧ್ವನಿ ಒರಟು, ಹೆಚ್ಚಾದರೆ ಮೇಲಿನ ಸ್ವರಗಳು ಅಳಿಸುತ್ತವೆ. ಒಂದೊಂದು ಜಾತಿಯ ಟೇಪಿಗೆ ಒಂದೊಂದು ಹದ. 10,000 ಹರ್ಟ್ಸ್ ಬರೆಯುತ್ತ, ಬಯಾಸಿನ ತಿರುಪನ್ನು ಏರಿಸುತ್ತ ಹೋದಂತೆ ಮೀಟರು ಏರಿ, ಒಂದು ತುದಿ ಮುಟ್ಟಿ, ಇಳಿಯತೊಡಗುತ್ತದೆ. ತುದಿಯಲ್ಲಿ ನಿಲ್ಲಬಾರದು. ಅದನ್ನು ದಾಟಿ, ಆಂಪೆಕ್ಸ್ 456ರಂಥ ಟೇಪಿಗೆ 38 ಸೆಂಟಿಮೀಟರ್ ವೇಗದಲ್ಲಿ ಸುಮಾರು ಮೂರು ಡೆಸಿಬೆಲ್ ಇಳಿದ ಮೇಲೆ ನಿಲ್ಲಬೇಕು. ವೇಗ ಇಮ್ಮಡಿಯಾದರೆ ಅದರ ಅರ್ಧ ಇಳಿದರೆ ಸಾಕು. ಬೆಲ್ಲದ ಪಾಕ ಎಳೆ ಬರುವುದನ್ನು ನೋಡುವಂತೆ ಇದು: ಒಂದು ಕ್ಷಣ ಹಿಂದೆ ಹಸಿ, ಒಂದು ಕ್ಷಣ ಮುಂದೆ ಗಟ್ಟಿ. ಆಮೇಲೆ ಬರೆಯುವ ಮಟ್ಟ, ಬರೆಯುವ ಮೇಲಿನ ಸ್ವರ, ಆಗ ಹೇಳಿದ ಆಳದ ಸ್ವರ. ಇವುಗಳ ಜೊತೆ ಸೆಲ್ ಸಿಂಕ್‌ನ ಓದುವಿಕೆಗೆ ಬೇರೆ ಎರಡು.

ಸಾಲಿಗೆ ಎಂಟು ತಿರುಪು ಹಿಡಿದರೂ 24 ಸಾಲಿಗೆ 192. ವೇಗ ಬದಲಾದರೆ ಕೆಲವನ್ನು ಮತ್ತೆ ನೋಡಬೇಕು. 1980ರ ದಶಕದಲ್ಲಿ ಬಂದ ಕೆಲವು ಯಂತ್ರಗಳು ಇದನ್ನೆಲ್ಲ ಮೈಕ್ರೊಪ್ರೊಸೆಸರಿನ ನೆನಪಿನಲ್ಲಿ ಇಟ್ಟುಕೊಳ್ಳತೊಡಗಿದವು. ಅದಕ್ಕೂ ಮೊದಲು ಕಲಾವಿದರು ಕಾಫಿ ಕುಡಿದು ಬರುವಷ್ಟರಲ್ಲಿ ಒಬ್ಬಾತ ಬಗ್ಗಿ ಕುಳಿತು ಎಲ್ಲವನ್ನೂ ಮುಗಿಸಿರಬೇಕಿತ್ತು. ಕೊನೆಗೆ ಆತ ಮಾಡುವ ಕೆಲಸವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಹೊಸ ಟೇಪಿನ ಆರಂಭದಲ್ಲಿ, ಹಾಡಿಗೂ ಮೊದಲು, 1000, 10,000, 100 ಹರ್ಟ್ಸ್‌ನ ಸ್ವರಗಳನ್ನು ಅರ್ಧರ್ಧ ನಿಮಿಷ ಬರೆದಿಡುವುದು. ಇಂದು ನನ್ನ ಯಂತ್ರ ಹೀಗಿತ್ತು ಎಂದು ಮುಂದೆ ಬರುವ ಅಪರಿಚಿತನಿಗೆ ಬರೆದ ಕಾಗದ ಅದು.

ಆ ಅಪರಿಚಿತರು ಈಗ ನಾವು. ಇಲ್ಲಿ ವಿದ್ಯೆ ತಲೆಕೆಳಗಾಗುತ್ತದೆ. ಮುದ್ರಿಸುವಾಗ ಟೇಪು ಯಂತ್ರದ ಮಾತು ಕೇಳಬೇಕು, ಯಂತ್ರ ಪ್ರಮಾಣದ ಮಾತು ಕೇಳಬೇಕು. ಹಳೆಯ ಟೇಪನ್ನು ಉಳಿಸುವಾಗ ಯಂತ್ರವೇ ಟೇಪಿನ ಮಾತು ಕೇಳಬೇಕು. 1972ರಲ್ಲಿ ಯಾರೋ ಓರೆಯಾದ ಹೆಡ್‌ನಿಂದ ಬರೆದಿದ್ದರೆ, ನಮ್ಮ ಹೆಡ್ಡನ್ನೂ ಅಷ್ಟೇ ಓರೆ ಮಾಡಿಕೊಂಡು ಓದಬೇಕು. ಪ್ರಮಾಣಕ್ಕೆ ಸರಿಯಾದ ಯಂತ್ರದಲ್ಲಿ ಹಾಗೇ ಹಾಕಿ ಓಡಿಸಿದರೆ ಮಂಕು ಧ್ವನಿ ಬರುತ್ತದೆ. ಒಮ್ಮೆ ಹಾಗೆ ಡಿಜಿಟಲ್ ಮಾಡಿಬಿಟ್ಟರೆ ಯಾವ ಕಂಪ್ಯೂಟರೂ ಕಳೆದ ಸ್ವರವನ್ನು ಪೂರ್ತಿ ತರಲಾರದು.

ಇನ್ನೊಂದು ಬಲೆ, ಈಕ್ವಲೈಸೇಶನ್. ಅಮೆರಿಕದ 'ನ್ಯಾಬ್', ಯುರೋಪಿನ 'ಐಇಸಿ' ಎಂದು ಎರಡು ಸಂಪ್ರದಾಯ. ಐಇಸಿ ಟೇಪನ್ನು ನ್ಯಾಬ್ ಯಂತ್ರದಲ್ಲಿ 38 ಸೆಂಟಿಮೀಟರ್ ವೇಗದಲ್ಲಿ ಬಾಜಿಸಿದರೆ ಮೇಲಿನ ಸ್ವರ ಮೂರು ಡೆಸಿಬೆಲ್ ಹೆಚ್ಚು, ಆಳದ ಸ್ವರ ಕಡಿಮೆ. ಕೇಳಿದವರು 'ಆಹಾ, ಎಷ್ಟು ಸ್ಪಷ್ಟ' ಎನ್ನಬಹುದು. ಆದರೆ ಅದು ಮೂಲದ ಧ್ವನಿಯಲ್ಲ. ಇದರ ಮೇಲೆ ಗದ್ದಲ ಕಡಿಮೆ ಮಾಡುವ ಡಾಲ್ಬಿ ಬಳಸಿದ್ದರೆ, ಮಟ್ಟದಲ್ಲಾದ ಸಣ್ಣ ತಪ್ಪನ್ನೂ ಅದು ದೊಡ್ಡದು ಮಾಡುತ್ತದೆ. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ನಮಗೆ ಮೊದಲ ದಿನ ಕಲಿಸಿದ್ದು ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಟೇಪಿನ ಡಬ್ಬಿಗೂ ಅವೇ ಪ್ರಶ್ನೆಗಳು. ವೇಗ ಎಷ್ಟು, ಯಾವ ಈಕ್ವಲೈಸೇಶನ್, ಎಷ್ಟು ನ್ಯಾನೊವೆಬರ್, ಡಾಲ್ಬಿ ಇದೆಯೋ ಇಲ್ಲವೋ. ನಾನು ನೋಡಿದ ಹೆಚ್ಚಿನ ಡಬ್ಬಿಗಳ ಮೇಲೆ ಹಾಡಿನ ಮೊದಲ ಸಾಲು ಮತ್ತು ಚಹಾ ಲೋಟದ ಗುರುತು, ಅಷ್ಟೆ.

ಟೇಪಿನ ಕಾಯಿಲೆಯೂ ಬೇರೆ ಇದೆ. 1970 ಮತ್ತು 80ರ ದಶಕದ ಕೆಲವು ಹೆಸರಾಂತ ಟೇಪುಗಳಲ್ಲಿ, ಆಂಪೆಕ್ಸ್ 456 ಸೇರಿ, ಕಣಗಳನ್ನು ಹಿಡಿದಿಟ್ಟ ಪಾಲಿಯುರಿಥೇನ್ ಅಂಟು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಟೇಪು ಯಂತ್ರದಲ್ಲಿ ಕಿರುಗುಟ್ಟುತ್ತ, ಅಂಟುತ್ತ, ತನ್ನ ಮೈಮೇಲಿನ ಧ್ವನಿಯನ್ನೇ ಹೆಡ್‌ಗೆ ಬಳಿದು ನಿಲ್ಲುತ್ತದೆ. ಇದಕ್ಕೆ ಮದ್ದು ಹೆಡ್ ಒರೆಸುವುದಲ್ಲ, ಟೇಪನ್ನು ಬೇಯಿಸುವುದು! ಸುಮಾರು 54 ಡಿಗ್ರಿ ಸೆಲ್ಸಿಯಸ್ ಒಣ ಶಾಖದಲ್ಲಿ ಎಂಟು ತಾಸು, ಅಗಲದ ಟೇಪಿಗೆ ಇನ್ನೂ ಹೆಚ್ಚು. ಆಂಪೆಕ್ಸ್‌ಗೇ 1993ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ಬೇಯಿಸಿದ ಟೇಪು ಕೆಲವು ವಾರ ಚೇತರಿಸಿಕೊಂಡಿರುತ್ತದೆ. ಅಷ್ಟರಲ್ಲಿ ನಕಲು ಮಾಡಿ ಮುಗಿಸಬೇಕು. ಯಂತ್ರ ಅಂದು ಹದದಲ್ಲಿರಲೇಬೇಕು ಎನ್ನುವುದು ಇದಕ್ಕೇ. ಇನ್ನೂ ಹಳೆಯ ಅಸಿಟೇಟ್ ಟೇಪುಗಳನ್ನು ಮಾತ್ರ ಬೇಯಿಸಬಾರದು. ಅವು ಸುರುಟಿಹೋಗುತ್ತವೆ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅದು ಅಸಿಟೇಟು, ಅದರ ರೋಗವೇ ಬೇರೆ.

ನಮ್ಮ ನಾಡಿಗೂ ಇದಕ್ಕೂ ಏನು ಸಂಬಂಧ ಎನ್ನುತ್ತೀರಾ? ನಾವು ಕೇಳಿ ಬೆಳೆದ ಕನ್ನಡ ಚಿತ್ರಗೀತೆಗಳು ದಶಕಗಳ ಕಾಲ ಮುದ್ರಣವಾದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಆ ಕಾಲದಲ್ಲಿ ಗಾಯಕರೂ ವಾದ್ಯವೃಂದವೂ ಒಂದೇ ಸಲ, ಒಂದೇ ಕೋಣೆಯಲ್ಲಿ. ಮಲ್ಟಿಟ್ರ್ಯಾಕ್ ನಮ್ಮ ಕಡೆ ತಡವಾಗಿ ಬಂತು. ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಆ ಬದಲಾವಣೆಯ ಒಂದು ಮಜಲು. 1990ರಲ್ಲಿ ಅವರು ತೀರಿಕೊಂಡರು. ಇನ್ನು ಆಕಾಶವಾಣಿ. ಧಾರವಾಡ ಕೇಂದ್ರ ಆರಂಭವಾದದ್ದು 1950ರಲ್ಲಿ, ಬೆಂಗಳೂರು 1955ರಲ್ಲಿ. ಸಂಗೀತ, ನಾಟಕ, ಜಾನಪದ, ಸಂದರ್ಶನ ಎಲ್ಲವೂ ಕಾಲಿಂಚು ಟೇಪಿನ ಮೇಲೆ. ಅಲ್ಲಿ 24 ಸಾಲಿಲ್ಲ, ಒಂದೇ ಸಾಲು. ಆದರೆ ಅಜಿಮತ್ ಅದೇ, ಬಯಾಸ್ ಅದೇ, ಹತ್ತಿಯ ಕಡ್ಡಿ ಅದೇ.

ಹೊಸ ಟೇಪು ಇಂದಿಗೂ ಫ್ರಾನ್ಸ್, ಅಮೆರಿಕಗಳಲ್ಲಿ ಸಣ್ಣ ಪ್ರಮಾಣದಲ್ಲಿ ತಯಾರಾಗುತ್ತದೆ. ಆಂಪೆಕ್ಸ್ ಟೇಪಿನ ಉತ್ತರಾಧಿಕಾರಿ ಕ್ವಾಂಟೆಜಿ 2005ರ ಆರಂಭದಲ್ಲಿ ಕಾರ್ಖಾನೆಗೆ ಬೀಗ ಹಾಕಿದಾಗ ಜಗತ್ತಿನ ಸ್ಟುಡಿಯೋಗಳು ಉಳಿದ ಸುರುಳಿಗಳಿಗೆ ಮುಗಿಬಿದ್ದವು. ಟೇಪಿನ ಧ್ವನಿಯೇ ಚೆಂದ ಎನ್ನುವ ಯುವಕರು ಈಗ ಮತ್ತೆ ಹಳೆಯ ಯಂತ್ರ ಹುಡುಕುತ್ತಿದ್ದಾರೆ. ಅವರ ಉತ್ಸಾಹಕ್ಕೆ ನನ್ನ ತಕರಾರಿಲ್ಲ. ಆದರೆ ನನಗೆ ಚಿಂತೆ ಇರುವುದು ಮುಂದೆ ಬರೆಯಬೇಕಾದ ಟೇಪಿನ ಬಗ್ಗೆ ಅಲ್ಲ, ಆಗಲೇ ಬರೆದಿಟ್ಟದ್ದರ ಬಗ್ಗೆ.

ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಸುರುಳಿಗಳಿದ್ದರೆ ಕೆಲವು ಮಾತು. ಸಂತೆಯಲ್ಲಿ ಸಿಕ್ಕ ಯಂತ್ರಕ್ಕೆ ಹಾಕಿ 'ನೋಡೋಣ' ಎನ್ನಬೇಡಿ. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ, ಅಡ್ಡ ಮಲಗಿಸಬೇಡಿ. ಮಳೆಗಾಲದ ತೇವದಿಂದ, ಸ್ಪೀಕರಿನ ಅಯಸ್ಕಾಂತದಿಂದ ದೂರವಿರಲಿ. ಟೇಪು ಕೊನೆಯ ತುದಿ ಹೊರಗಿರುವಂತೆ ಸುತ್ತಿದ್ದರೆ ತಪ್ಪೆಂದು ತಿಳಿದು ಹಿಂದಕ್ಕೆ ಸುತ್ತಬೇಡಿ. ಸ್ಟುಡಿಯೋದವರು ಬೇಕೆಂದೇ ಹಾಗೆ ಇಡುತ್ತಿದ್ದರು. ಒಂದು ಸುತ್ತಿನ ಕಾಂತತ್ವ ಪಕ್ಕದ ಸುತ್ತಿಗೆ ಅಚ್ಚೊತ್ತಿದರೂ ಆ ಪ್ರತಿಧ್ವನಿ ಹಾಡಿನ ಮೊದಲು ಎದ್ದು ಕೇಳದೆ, ಹಾಡಿನ ನಂತರ ಬಂದು ಅದರಲ್ಲೇ ಮುಚ್ಚಿಹೋಗಲಿ ಎಂದು. ಡಬ್ಬಿಯನ್ನೂ ಒಳಗಿನ ಚೀಟಿಯನ್ನೂ, ಹರಿದಿದ್ದರೂ, ಎಸೆಯಬೇಡಿ. ನಕಲು ಮಾಡಿಸಲು ಕೊಟ್ಟಾಗ 'ಆರಂಭದ ಪೀಂಯ್‌ಗುಡುವ ಸ್ವರಗಳನ್ನು ಕತ್ತರಿಸಬೇಡಿ, ಅವನ್ನು ನೋಡಿ ಯಂತ್ರ ಹೊಂದಿಸಿ' ಎಂದು ಹೇಳಿ. ಎದುರಿನವರು ಅದೇನೆಂದು ಕೇಳಿದರೆ, ಟೇಪನ್ನು ತೆಗೆದುಕೊಂಡು ಬೇರೆ ಅಂಗಡಿಗೆ ಹೋಗಿ.

ಇನ್ನು ಟೇಪು ಬೇಯಿಸುವ ಒಲೆಯ ಬಗ್ಗೆ ಪ್ರಶ್ನೆಗಳಿರಬಹುದು. ಅಡುಗೆಮನೆಯ ಓವನ್ ಬಳಸಬಾರದು ಎಂಬಷ್ಟನ್ನು ನಾನು ಹೇಳಬಲ್ಲೆ. ಉಳಿದದ್ದನ್ನು ಹಿರಿಯರೇ ಹೇಳಲಿ.